ನಮ್ಮೂರ ಹಳೇ ಮನೆಗಳನ್ನು ನಡೆದು ನೋಡೋಣ



ಪ್ರವಾಸ ಅಂದ ಕೂಡಲೇ ನಾವು ಬೇಲೂರು, ಹಳೇಬೀಡು ಅಂತೀವಿ. ಅಲ್ಲಿನ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ನಮ್ಮ ತಾಲ್ಲೂಕಿನ ಹಾರನಹಳ್ಳಿಯಲ್ಲೂ ಸುಮಾರು 1235ರಲ್ಲಿ ಕಟ್ಟಿದ ಎರಡು ಹೊಯ್ಸಳ ದೇವಾಲಯಗಳಿವೆ. ಆದರೆ ಬಸ್ಸು ಹತ್ತದೆ ನೋಡಬಹುದಾದದ್ದು ಗಂಡಸಿ ಸುತ್ತಮುತ್ತಲಿನ ಹಳೇ ತೊಟ್ಟಿ ಮನೆಗಳು. ಅವುಗಳಲ್ಲಿ ಏನೇನು ನೋಡಬೇಕು ಅಂತ ಇಲ್ಲಿ ಬರೆದಿದ್ದೇನೆ.

1. ಜಗಲಿ: ಬಾಗಿಲ ಎರಡೂ ಕಡೆ ಇರುವ ಕಟ್ಟೆ. ದಾರಿಹೋಕರು ಕೂತು ನೀರು ಕುಡಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ.

2. ಗೋಡೆ: ಮಣ್ಣಿನ ಗೋಡೆ ಒಂದೂವರೆ, ಎರಡು ಅಡಿ ದಪ್ಪ ಇರುತ್ತದೆ. ಬಿಸಿಲು ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಫ್ಯಾನಿಲ್ಲದಿದ್ದರೂ ತಂಪು. ಗೋಡೆಯಲ್ಲಿ ದೀಪದ ಗೂಡು ಹುಡುಕಿ, ಮಸಿ ಇನ್ನೂ ಇರುತ್ತದೆ.

3. ತೊಟ್ಟಿ: ಮನೆ ನಡುವೆ ಆಕಾಶಕ್ಕೆ ತೆರೆದ ಜಾಗ. ಬಿಸಿಗಾಳಿ ಮೇಲೆ ಹೋಗುತ್ತದೆ, ಬೆಳಕು ಕೆಳಗೆ ಬರುತ್ತದೆ. ನಾಲ್ಕೂ ಕಡೆಯ ಮಾಡಿನ ಮಳೆನೀರು ಇಲ್ಲಿಗೇ ಬಿದ್ದು ಮೋರಿಯಲ್ಲಿ ಹೊರಗೆ ಹೋಗುತ್ತದೆ. ಅಜ್ಜಿಯರು ಹಂಡೆ ಇಟ್ಟು ಆ ನೀರು ಹಿಡಿಯುತ್ತಿದ್ದರು.

4. ಕಂಬ: ಮರದ ಕಂಬದ ಕೆಳಗೆ ಕಲ್ಲು ಇಟ್ಟಿರುತ್ತಾರೆ. ನೆಲದ ತೇವ, ಗೆದ್ದಲು ಮರಕ್ಕೆ ಹತ್ತಬಾರದು ಅಂತ.

5. ಹೆಂಚು: ಕುಂಬಾರರು ಮಾಡಿದ್ದು ನಾಡಹೆಂಚು. ಚಪ್ಪಟೆಯಾಗಿರುವುದು ಮಂಗಳೂರು ಹೆಂಚು. ಇದರ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದರು. ಹೀಗೆ ಕರಾವಳಿಯ ಮಣ್ಣು ನಮ್ಮ ಬಯಲುಸೀಮೆಯ ತಲೆ ಮೇಲಿದೆ!

6. ಅಟ್ಟ: ನಮ್ಮ ಕಡೆ ಇದೇ ಬಹಳ ಮುಖ್ಯ. ಸಿಪ್ಪೆ ಸಮೇತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಗಾಳಿಯಾಡುವ ಅಟ್ಟ ಇಲ್ಲದ ತಾರಸಿ ಮನೆಯವರು ಕಾಯಿಗೆ ಅಂತಲೇ ಬೇರೆ ಕೊಟ್ಟಿಗೆ ಕಟ್ಟಬೇಕು.

ಹಾಗಾದರೆ ಇಂಥ ಮನೆಗಳನ್ನು ಯಾಕೆ ಕೆಡವುತ್ತಾರೆ? ಅವರದ್ದೂ ಕಷ್ಟ ಇದೆ. ಕೋತಿಗಳು ಹೆಂಚು ಒಡೆಯುತ್ತವೆ, ಮಳೆಗೆ ಸೋರುತ್ತದೆ. ಮರಗೆಲಸ ಗೊತ್ತಿರುವ ಆಚಾರರು ಸಿಗೋದು ಕಡಿಮೆ. ಅಣ್ಣತಮ್ಮಂದಿರು ಭಾಗವಾದಾಗ ತೊಟ್ಟಿಯ ನಡುವೆಯೇ ಗೋಡೆ ಏಳುತ್ತದೆ. ಆಮೇಲೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ದೇವಸ್ಥಾನ ಕಾಯಲು ಸರ್ಕಾರದ ಇಲಾಖೆ ಇದೆ, ಮನೆ ಕಾಯಲು ಮನೆಯವರೇ ಇರೋದು. ಒಂದು ಮನೆ ಬಿದ್ದರೆ ಅದನ್ನು ಹೇಗೆ ಕಟ್ಟಿದ್ದರು ಅನ್ನುವುದೂ ಮಣ್ಣಾಗುತ್ತದೆ.

ಬೀಳುವ ಮನೆಯನ್ನು ನಿಲ್ಲಿಸುವ ಶಕ್ತಿ ನಮಗಿಲ್ಲ. ಆದರೆ ಅಳೆದು ಬರೆದಿಡಬಹುದಲ್ಲಾ? ಭಾನುವಾರ ಒಂದು ಟೇಪು, ನೋಟ್‌ಬುಕ್ಕು ಹಿಡಿದು ಹೊರಡಿ. ಯಜಮಾನರನ್ನು ಕೇಳಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ. ಕಂಬ ಎಣಿಸಿ, ತೊಟ್ಟಿ ಅಳೆಯಿರಿ, ನಕ್ಷೆ ಬಿಡಿಸಿ. ಮನೆಯ ಹಿರಿಯರನ್ನು ಮಾತಾಡಿಸಿ. ಬರೆದು ತಂದರೆ ಮುಂದಿನ ಗೋಡೆ ಪತ್ರಿಕೆಯಲ್ಲಿ ಅಂಟಿಸೋಣ.

— 7ನೇ ತರಗತಿ ವಿದ್ಯಾರ್ಥಿನಿ