ಹಳ್ಳಿಗಳು ಮಹಾನಗರವನ್ನು ಸೇರಿದ ಬಗೆ

ಬಾಂದ್ರಾ, ಅಂಧೇರಿ, ಕುರ್ಲಾ, ಮಲಾಡ, ಮುಲುಂದ ಎಂಬ ಹೆಸರುಗಳು ನಮಗೆ ರೈಲು ನಿಲ್ದಾಣಗಳ ಹೆಸರುಗಳಾಗಿಯೇ ಪರಿಚಿತವಾಗಿವೆ. ಆದರೆ ಇವೆಲ್ಲವೂ ಮೊದಲು ಹಳ್ಳಿಗಳ ಹೆಸರುಗಳಾಗಿದ್ದುವು. ಬತ್ತದ ಗದ್ದೆ, ಉಪ್ಪಿನ ಆಗರ, ತಾಳೆಯ ತೋಪು, ಮೀನುಗಾರರ ಕೋಳಿವಾಡೆ ಇವೇ ಅಂದಿನ ಉಪನಗರಗಳು. ಈ ಹಳ್ಳಿಗಳ ಆಡಳಿತವು ನಗರದ ಕೈಸೇರಿದ ಬಗೆಯನ್ನು ನಾವು ತಿಳಿಯುವುದು ಉಚಿತವಾಗಿದೆ.

ಮುಂಬಯಿ ನಗರದ ಉತ್ತರಕ್ಕೆ ಇರುವ ಭೂಭಾಗಕ್ಕೆ ಸಾಷ್ಟಿ ಎಂದು ಹೆಸರು. ಅರವತ್ತಾರು ಹಳ್ಳಿಗಳಿದ್ದುದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಪೋರ್ತುಗೀಜರಿಂದ ಮರಾಠರಿಗೂ, ಮರಾಠರಿಂದ ಇಂಗ್ಲಿಷರಿಗೂ ಈ ಸೀಮೆ ಕೈಬದಲಾಯಿಸಿತು. 1782ರ ಸಾಲ್ಬಾಯಿ ಒಪ್ಪಂದದಿಂದ ಅದು ಇಂಗ್ಲಿಷರಲ್ಲಿ ಸ್ಥಿರವಾಗಿ ಉಳಿಯಿತು. ನಮ್ಮ ನಾಡಿನ ಪಟೇಲ, ಶಾನುಭೋಗರಂತೆ ಇಲ್ಲಿ ಪಾಟೀಲ, ತಲಾಠಿಗಳು ಹಳ್ಳಿಯ ಕಾರ್ಯವನ್ನು ನೋಡಿಕೊಳ್ಳುತ್ತಿದ್ದರು.

1853ರಲ್ಲಿ ಬೋರಿಬಂದರದಿಂದ ಠಾಣೆಗೆ ರೈಲು ಓಡಿತು. 1860ರಲ್ಲಿ ಸಾಷ್ಟಿಯ ಬೆಟ್ಟಗಳ ನಡುವೆ ವಿಹಾರ ಸರೋವರವು ಸಿದ್ಧವಾಯಿತು. ನಗರದ ನೀರು ಹಳ್ಳಿಗಳ ಸೀಮೆಯಿಂದಲೇ ಬರುತ್ತಿದ್ದರೂ ನಗರಸಭೆಯ ಅಧಿಕಾರವು ಆ ಹಳ್ಳಿಗಳಿಗೆ ವ್ಯಾಪಿಸಿರಲಿಲ್ಲ. 1896ರಲ್ಲಿ ಪ್ಲೇಗು ತಲೆದೋರಿದಾಗ ಅನೇಕರು ನಗರವನ್ನು ಬಿಟ್ಟು ಉಪನಗರಗಳಿಗೆ ಬಂದು ನೆಲೆಸಿದರು. 1920ರಲ್ಲಿ ಉಪನಗರ ಜಿಲ್ಲೆಯು ಬೇರೆಯಾಯಿತು. ಅದೇ ವರ್ಷ ಮುಂಬಯಿ ಪ್ರಾಂತದಲ್ಲಿ ಗ್ರಾಮಪಂಚಾಯತಿಗಳ ಕಾಯಿದೆಯೂ ಬಂದಿತು. ದೊಡ್ಡ ಊರುಗಳಲ್ಲಿ ಪುರಸಭೆಗಳು, ಸಣ್ಣ ಊರುಗಳಲ್ಲಿ ಪಂಚಾಯತಿಗಳು ಬಾವಿ, ದಾರಿ, ದೀಪಗಳ ವ್ಯವಸ್ಥೆಯನ್ನು ವಹಿಸಿಕೊಂಡುವು.

ಆದರೆ ಇವುಗಳ ಆದಾಯ ಅಲ್ಪವಾಗಿತ್ತು, ಜನರೋ ದಿನೇ ದಿನೇ ಹೆಚ್ಚುತ್ತಿದ್ದರು. ಚರಂಡಿಯ ನೀರಿಗೂ ಸಾಂಕ್ರಾಮಿಕ ರೋಗಕ್ಕೂ ಹಳ್ಳಿಯ ಗಡಿ ತಿಳಿಯದಷ್ಟೆ! ಒಂದು ಊರು ಸ್ವಚ್ಛವಾಗಿದ್ದು ಪಕ್ಕದ ಊರು ಹೊಲಸಾಗಿದ್ದರೆ ಫಲವೇನು? ಆದುದರಿಂದ ಇಡೀ ಪ್ರದೇಶಕ್ಕೆ ಒಂದೇ ಆಡಳಿತವು ಅವಶ್ಯವೆನಿಸಿತು. 1950ರ ಏಪ್ರಿಲ್ 15ರಂದು ಬೃಹನ್ಮುಂಬಯಿಯು ರೂಪುಗೊಂಡಿತು. 1957ರ ಫೆಬ್ರವರಿ 1ರಂದು ಅದರ ಎಲ್ಲೆಯು ದಹಿಸರ ಮತ್ತು ಮುಲುಂದದವರೆಗೆ ಮುಂದುವರಿಯಿತು. ಅದರೊಳಗಿನ ಪುರಸಭೆಗಳೂ ಪಂಚಾಯತಿಗಳೂ ಮಹಾನಗರಪಾಲಿಕೆಯಲ್ಲಿ ಲೀನವಾದುವು.

ಇದರಿಂದ ನಳದ ನೀರು, ಆಸ್ಪತ್ರೆ, ಪಾಠಶಾಲೆಗಳು ಬಂದುವು. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳನ್ನೂ ಪಾಲಿಕೆಯು ನಡೆಸಿತು. ಲಾಭವು ದೊಡ್ಡದೇ ಸರಿ. ಆದರೆ ನಷ್ಟವೂ ಇಲ್ಲದಿಲ್ಲ. ಪಂಚಾಯತಿಯ ಸದಸ್ಯನು ನೆರೆಮನೆಯವನಾಗಿದ್ದನು. ಅವನನ್ನು ಬಾವಿಯ ಕಟ್ಟೆಯಲ್ಲೇ ನಿಲ್ಲಿಸಿ ಕೇಳಬಹುದಾಗಿತ್ತು. ಇಂದು ಒಬ್ಬ ನಗರಸೇವಕನು ಹತ್ತಾರು ಸಾವಿರ ಜನರಿಗೆ ಪ್ರತಿನಿಧಿ. ಗದ್ದೆಗಳ ಮೇಲೆ ಮಾಳಿಗೆಗಳು ಎದ್ದುವು. ಹಳೆಯ ಊರಿನ ಮನೆಗಳು ಮಾತ್ರ ‘ಗಾವಠಾಣ’ ಎಂಬ ಹೆಸರಿನಿಂದ ಅವುಗಳ ನಡುವೆ ಉಳಿದಿವೆ.

ರಜೆಯಲ್ಲಿ ನಾವು ನಮ್ಮ ಊರುಗಳಿಗೆ ಹೋದಾಗ ಗ್ರಾಮಪಂಚಾಯತಿಯ ಕಚೇರಿಯನ್ನು ಕಾಣುತ್ತೇವೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ ತಿದ್ದುಪಡಿಯು ಅದಕ್ಕೆ ಭದ್ರವಾದ ಸ್ಥಾನವನ್ನು ಕೊಟ್ಟಿದೆ. ಅಲ್ಲಿ ಗ್ರಾಮಸಭೆಯಲ್ಲಿ ಹಿರಿಯರು ಎದ್ದುನಿಂತು ಪ್ರಶ್ನಿಸುತ್ತಾರೆ. ನಗರದಲ್ಲಿ ಬೆಳೆಯುವ ನಾವು ಆ ಅಭ್ಯಾಸವನ್ನು ಬಿಡಬಾರದು. ನಮ್ಮ ಬೀದಿಯ ನೀರು, ದೀಪ, ಕಸಗಳ ಹೊಣೆ ಯಾರದೆಂದು ತಿಳಿದು ವಿನಯದಿಂದ ಕೇಳುವುದೂ, ನಮ್ಮ ಪಾಲಿನ ಕೆಲಸವನ್ನು ನಾವೇ ಮಾಡುವುದೂ ಪೌರಧರ್ಮವಾಗಿದೆ. ಹಳ್ಳಿಯು ನಗರಕ್ಕೆ ಕಲಿಸಬಹುದಾದ ಪಾಠವು ಇದೇ ಅಲ್ಲವೇ?