ಈ ಮಳೆಗಾಲದಲ್ಲಿ ನಾವು ಓದಿದ ಮೂರು ಪುಸ್ತಕಗಳು

ಆಷಾಢದ ಜಡಿಮಳೆಯಲ್ಲಿ ಹೊಸಲು ದಾಟಲಾರದೆ ಕುಳಿತಿದ್ದ ದಿನಗಳಲ್ಲಿ ನಾವು ಮೂರು ಪುಸ್ತಕಗಳನ್ನು ಓದಿ ಮುಗಿಸಿದೆವು. ಓದಿದೆವು ಎನ್ನುವುದಕ್ಕಿಂತ ಓದಿಸಿ ಕೇಳಿದೆವು ಎಂದರೆ ಹೆಚ್ಚು ಸರಿಯಾದೀತು. ಕಣ್ಣಿನ ಪೊರೆಯನ್ನು ತೆಗೆಸಿಕೊಂಡಿದ್ದ ಕಾರಣ ಕೆಲವು ದಿನ ಕಣ್ಣಿಗೆ ಶ್ರಮ ಕೊಡಬಾರದೆಂದು ವೈದ್ಯರ ಅಪ್ಪಣೆಯಾಗಿತ್ತು. ಆದುದರಿಂದ ರಾತ್ರಿಯ ಊಟವಾದ ಮೇಲೆ ನಮ್ಮ ಸೊಸೆ ಗಟ್ಟಿಯಾಗಿ ಓದುವುದು, ಉಳಿದವರು ಸುತ್ತ ಕುಳಿತು ಕೇಳುವುದು ಎಂದು ಏರ್ಪಾಡಾಯಿತು. ಮೂರರಲ್ಲಿ ಯಾವುದೂ ಈ ವರ್ಷ ಅಚ್ಚಾದುದಲ್ಲ. ಪುಸ್ತಕ ಹಳೆಯದಾದರೂ ಓದದೆ ಇದ್ದವರಿಗೆ ಅದು ಹೊಸದೇ ಎಂಬ ಧೈರ್ಯದಿಂದ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲನೆಯದು ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’. ಡಿ.ವಿ.ಜಿ.ಯವರ ಪುತ್ರರಾದ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿದವರು. ಅವರ ‘ಹಸುರು ಹೊನ್ನು’ ಗ್ರಂಥಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂದಿತು. ಶಾಸ್ತ್ರದ ಪುಸ್ತಕವೆಂದು ಕೇಳಿ ನಮ್ಮ ಮನೆಯವರು ಮೊದಲ ದಿನ ಹೂಬತ್ತಿಯ ಹತ್ತಿಯನ್ನು ಮುಂದಿಟ್ಟುಕೊಂಡು ಕುಳಿತರು. ಎರಡನೆಯ ದಿನ ಹತ್ತಿ ಹೊರಗೆ ಬರಲಿಲ್ಲ. ನಮ್ಮ ದಿನನಿತ್ಯದ ಅಡಿಗೆಯ ಎಷ್ಟೋ ಪದಾರ್ಥಗಳು ಕಡಲಾಚೆಯಿಂದ ಬಂದು ಇಲ್ಲಿ ಬೇರೂರಿದುವೆಂಬುದನ್ನು ಇಷ್ಟು ವಿನೋದವಾಗಿ ಹೇಳಬಲ್ಲವರು ವಿರಳ. ಒಮ್ಮೊಮ್ಮೆ ಆ ವಿನೋದವೇ ವಿಷಯಕ್ಕಿಂತ ಉದ್ದವಾಗುವುದೆಂದು ನಮಗೆ ತೋರಿತು. ಆದರೆ ಅದನ್ನು ದೋಷವೆನ್ನಲು ಮನಸ್ಸು ಬಾರದು.

ಈ ಪುಸ್ತಕ ನಮ್ಮ ಅಡಿಗೆಮನೆಯಲ್ಲಿ ಒಂದು ಪರೀಕ್ಷೆಯನ್ನೇ ನಡೆಸಿತು. ನಮ್ಮಲ್ಲಿ ಶ್ರಾದ್ಧದ ದಿನ ಒಲೆಯ ಹತ್ತಿರ ಮೆಣಸಿನಕಾಯಿ ಸುಳಿಯುವಂತಿಲ್ಲ. ಖಾರಕ್ಕೆ ಕರಿಯ ಮೆಣಸೇ ಆಗಬೇಕು. ಆಲೂಗೆಡ್ಡೆ, ಟೊಮೇಟೊ ಎರಡೂ ನಿಷಿದ್ಧ. ಬಾಳೆಕಾಯಿ, ಹಾಗಲಕಾಯಿಗಳಿಗೆ ಅಡ್ಡಿಯಿಲ್ಲ. ಏಕೆಂದು ಕೇಳಿದರೆ ‘ಪದ್ಧತಿ’ ಎಂಬ ಒಂದೇ ಉತ್ತರವನ್ನು ನಾವು ಬಾಲ್ಯದಿಂದಲೂ ಕೇಳಿದ್ದೆವು. ಈಗ ನೋಡಿದರೆ, ನಿಷಿದ್ಧವಾದ ಈ ಮೂರೂ ಅಮೆರಿಕಾ ಖಂಡದ ಸಂತಾನಗಳು! 1492ರಲ್ಲಿ ಕೊಲಂಬಸನು ಆ ಖಂಡವನ್ನು ಮುಟ್ಟಿದ ಮೇಲೆ, ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳಲ್ಲಿ ಮೆಣಸಿನಕಾಯಿ ನಮ್ಮ ಕರಾವಳಿಗೆ ಬಂದಿತು. ಅಲ್ಲಿಯವರೆಗೆ ಖಾರವನ್ನು ಕೊಡುತ್ತಿದ್ದ ಮೆಣಸಿನ ಹೆಸರನ್ನೇ ಅದು ತನ್ನದಾಗಿ ಮಾಡಿಕೊಂಡಿತು. ಪರಂಗಿಹಣ್ಣಂತೂ ತಾನು ಪರಂಗಿಯವರ ಜೊತೆ ಬಂದುದನ್ನು ಹೆಸರಿನಲ್ಲಿಯೇ ಸಾರುತ್ತಿದೆ. ದಿನದ ಊಟದಲ್ಲಿ ಹೊಸಬರಿಗೆ ಎಲೆ ಹಾಕಿದ ಹಿರಿಯರು ಪಿತೃಗಳ ಎಲೆಗೆ ಮಾತ್ರ ಪಿತೃಗಳು ಕಂಡಿದ್ದುದನ್ನೇ ಬಡಿಸಿಕೊಂಡು ಬಂದರೆಂದು ತೋರುತ್ತದೆ.

ಎರಡನೆಯದು ಕಾದಂಬರಿ, ಗಾತ್ರದಲ್ಲಿ ನೀಳ್ಗತೆಯೆಂದರೂ ಸಲ್ಲುವುದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಒಂದು ಕುಟುಂಬ. ಒಂದು ಕಾಲದಲ್ಲಿ ಇಕ್ಕಟ್ಟಾದ ಮನೆಯಲ್ಲಿ ಇರುವೆಗಳೊಡನೆ ಯುದ್ಧ ಮಾಡಿಕೊಂಡು ತಂದೆಯ ಚಿಕ್ಕ ಸಂಪಾದನೆಯಲ್ಲಿ ಬದುಕಿದವರು, ಚಿಕ್ಕಪ್ಪನ ಮಸಾಲೆಯ ವ್ಯಾಪಾರದಿಂದ ಹಠಾತ್ತನೆ ಧನಿಕರಾಗುತ್ತಾರೆ. ಹೆಸರಿಗೆ ಮಾತ್ರ ಕೆಲಸವಿದ್ದು ಕಾಫಿ ಹೌಸಿನಲ್ಲಿ ಹೊತ್ತು ಕಳೆಯುವ ಮಗನು ಕಥೆಯನ್ನು ಹೇಳುತ್ತಾನೆ. ಶೀರ್ಷಿಕೆ ಯಾವ ನಿಘಂಟಿನಲ್ಲಿಯೂ ಸಿಕ್ಕದು. ಬಿಡಿಸಲಾಗದ ಗೋಜಲಿಗೆ ಅವನ ಹೆಂಡತಿಯ ತವರಿನಲ್ಲಿ ಮಾತ್ರ ಚಲಾವಣೆಯಲ್ಲಿದ್ದ ಮಾತು ಅದು.

ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗೆ ಪ್ರಿಯವಾದ ಅಡಿಗೆಯನ್ನು ಹಿಡಿದು ಒಬ್ಬ ಹೆಂಗಸು ಬಾಗಿಲಿಗೆ ಬರುವ ಪ್ರಕರಣವನ್ನು ಓದುವಾಗ ಸೊಸೆಯ ಧ್ವನಿ ತಗ್ಗಿತು. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ಗಂಡಸರು ಒಳಗೇ ಉಳಿಯುತ್ತಾರೆ. ಅನ್ನ ಹಾಕುವವನನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಇಲ್ಲ. ಕಥೆಯು ಕೊನೆಯಲ್ಲಿ ಹೇಳಬೇಕಾದುದನ್ನು ಹೇಳದೆ ನಿಲ್ಲುವುದು. ನಮ್ಮ ಮಗನು ಅದೇ ಅದರ ಬಲವೆಂದನು. ನಮ್ಮ ಮನೆಯವರು, ‘ಇಷ್ಟು ರಾತ್ರಿ ಕೇಳಿಸಿಕೊಂಡವರಿಗೆ ಮುಂದೇನಾಯಿತೆಂದು ಹೇಳದೆ ಹೋಗುವುದು ಮರ್ಯಾದೆಯೇ?’ ಎಂದು ಮುನಿಸಿಕೊಂಡರು. ನಾವು ಮಗನ ಪಕ್ಷ. ಆದರೆ ಮಲಗಿದ ಮೇಲೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಒಳಗೇ ಉಳಿದ ಗಂಡಸರ ಮೌನ ನಮಗೆ ಎಲ್ಲಿಯೋ ಪರಿಚಿತವೆನಿಸಿತ್ತು. ಎಲ್ಲಿ ಎಂಬುದು ಮೂರನೆಯ ಪುಸ್ತಕದಲ್ಲಿ ತಿಳಿಯಿತು.

ಅದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು 1983ರಲ್ಲಿ ಪ್ರೇಮಾ ಕಾರಂತರು ಚಲನಚಿತ್ರವಾಗಿ ತಂದರು. ಇಂದಿರಾ ಅವರಿಗೆ ಶಾಲೆಯ ಓದು ದೊರೆತುದು ಸ್ವಲ್ಪವೇ. ಹನ್ನೆರಡನೆಯ ವಯಸ್ಸಿನಲ್ಲಿ ಮದುವೆ. ಮೊದಲ ಕಾದಂಬರಿ ‘ತುಂಗಭದ್ರ’ ಅಚ್ಚಾದಾಗ ನಲವತ್ತೈದು ದಾಟಿತ್ತು. ತಮ್ಮ ಬಂಧುವರ್ಗದಲ್ಲಿಯೇ ಬಾಳಿದ ಒಬ್ಬ ಬಾಲವಿಧವೆಯ ಕಥೆಯನ್ನು ತಾಯಿಯ ಬಾಯಿಂದ ಕೇಳಿ ಅವರು ಬರೆದರು. ಗಂಡನ ಮುಖವನ್ನು ಅರಿಯುವ ಮುನ್ನವೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಲೆನಾಡಿನ ದೊಡ್ಡ ಮನೆಯಲ್ಲಿ ಎಲ್ಲರಿಗೂ ದುಡಿಯುತ್ತ 112 ವರ್ಷ ಬದುಕಿದ ಆ ಮುದುಕಿ, ಮತ್ತೊಬ್ಬ ಎಳೆಯ ವಿಧವೆ ಕೇಶವಪನವನ್ನು ನಿರಾಕರಿಸಿ ನಿಂತಾಗ ಅವಳ ಪಕ್ಷವನ್ನು ವಹಿಸುತ್ತಾಳೆ. ಹೆರಿಗೆಯ ಸಂಕಟವಿದ್ದಲ್ಲಿಗೆ ಮೈಲಿಗೆಯನ್ನು ಲೆಕ್ಕಿಸದೆ ಹೋಗುತ್ತಾಳೆ. ಬರವಣಿಗೆಯಲ್ಲಿ ಅಲಂಕಾರವಿಲ್ಲ, ಜಗುಲಿಯಲ್ಲಿ ಕುಳಿತು ಮಾತನಾಡಿದಂತೆ ನಡೆಯುವುದು.

ನಮಗೆ ತೋರಿದ ಒಂದು ಕೊರತೆಯನ್ನು ಹೇಳಿಯೇಬಿಡುತ್ತೇವೆ. ಫಣಿಯಮ್ಮನಿಗೆ ಕೋಪವೇ ಬರುವುದಿಲ್ಲ. ಇಷ್ಟು ಅನ್ಯಾಯವನ್ನು ಉಂಡ ಜೀವಕ್ಕೆ ಇಷ್ಟು ಸಹನೆ ಸಹಜವೇ? ಲೇಖಕಿ ಆಕೆಯನ್ನು ದೇವರ ಮನೆಯಲ್ಲಿ ಕೂರಿಸಿಬಿಟ್ಟರೇನೋ ಎಂದು ನಾವು ಆಕ್ಷೇಪಿಸಿದೆವು. ನಮ್ಮ ಮನೆಯವರು ತಲೆಯೆತ್ತದೆ, ‘ಕೋಪ ಬಂದಿದ್ದರೆ ಯಾರಿಗೆ ಹೇಳಬೇಕಾಗಿತ್ತು?’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ನಿಮ್ಮ ಅತ್ತೆಮ್ಮ ಹೇಳಿದ್ದರೆ ನೀವು ಕೇಳುತ್ತಿದ್ದಿರಾ?’ ಎಂದರು.

ಅತ್ತೆಮ್ಮ ನಮ್ಮ ತಂದೆಯವರ ಸೋದರತ್ತೆ. ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹೊದ್ದು, ಒಪ್ಪೊತ್ತು ಉಂಡು, ನಮ್ಮನ್ನೆಲ್ಲ ಎತ್ತಿ ಆಡಿಸಿದವರು. ಕ್ಷೌರಿಕನು ಹಿತ್ತಿಲಿಗೆ ಬರುವ ದಿನ ಹುಡುಗರಾದ ನಮ್ಮನ್ನು ಬೀದಿಗೆ ಅಟ್ಟುತ್ತಿದ್ದರು. ನಾವು ಕಾಲೇಜು ಮುಗಿಸಿ ಬಂದ ಮೇಲೆಯೂ ಅವರು ಇದ್ದರು. ಸ್ತ್ರೀಯರ ಸ್ಥಿತಿಗತಿಯನ್ನು ಕುರಿತು ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದು ಮನೆಗೆ ಬಂದು ಅವರ ಕೈಯಿಂದಲೇ ತಂಬಿಗೆಯ ನೀರನ್ನು ತೆಗೆದುಕೊಂಡು ಕುಡಿದೆವು. ಅವರನ್ನು ಒಂದು ಮಾತನ್ನೂ ಕೇಳಲಿಲ್ಲ. ಅವರ ತಿಥಿಯನ್ನು ತಪ್ಪದೆ ಮಾಡುತ್ತ ಬಂದಿದ್ದೇವೆ, ಮೆಣಸಿನಕಾಯಿಯಿಲ್ಲದ ಅಡಿಗೆಯಿಂದಲೇ. ಆದರೆ ಅವರ ಮದುವೆ ಯಾವ ಊರಿನಲ್ಲಿ ಆಯಿತು, ಹುಡುಗನಿಗೆ ಏನಾಯಿತು ಎಂಬುದು ನಮಗೆ ತಿಳಿಯದು.

ಮರುದಿನ ನಮ್ಮ ಅಕ್ಕನಿಗೆ ಫೋನು ಮಾಡಿ ಕೇಳಿದೆವು. ಅವಳಿಗೆ ಈಗ ಎಂಬತ್ತಮೂರು. ಮದುವೆಯ ನೆನಪು ಏನಾದರೂ ಇದೆಯೇ ಎಂದು ಅವಳು ಚಿಕ್ಕಂದಿನಲ್ಲಿ ಒಮ್ಮೆ ಅತ್ತೆಮ್ಮನನ್ನು ಕೇಳಿದ್ದಳಂತೆ. ಲಾಡು ತಿಂದದ್ದು ನೆನಪಿದೆ, ಹುಡುಗನ ಮುಖ ನೆನಪಿಲ್ಲ ಎಂದರಂತೆ. ‘ಇನ್ನೂ ಏನೇನೋ ಹೇಳಿದ್ದರು ಕಣೋ, ಫೋನಿನಲ್ಲಿ ಆಗುವ ಮಾತಲ್ಲ, ನೀನೇ ಬಾ’ ಎಂದಳು.

ಮಳೆ ಕಡಮೆಯಾದ ಮೇಲೆ ಹೋಗಿ ನಾಲ್ಕು ದಿನ ಇದ್ದು ಬರುವುದೆಂದು ನಿಶ್ಚಯವಾಗಿದೆ. ಬರೆದುಕೊಳ್ಳುವುದಕ್ಕೆಂದು ನಮ್ಮ ಮನೆಯವರು ನೂರು ಹಾಳೆಯ ನೋಟುಪುಸ್ತಕವೊಂದನ್ನು ತರಿಸಿ ಪೆಟ್ಟಿಗೆಯ ಮೇಲಿಟ್ಟಿದ್ದಾರೆ.