ಕಳೆದುಹೋಗುವುದೇನು ಎಂಬ ಪ್ರಶ್ನೆ

ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಹೊರಬಂದಾಗ ಪತ್ರಿಕೆಗಳಲ್ಲಿ ಪರ–ವಿರೋಧ ಬರಹಗಳು ತುಂಬಿದವು. ಅದು ಕಾದಂಬರಿ, ಚರ್ಚೆಯಾದದ್ದು ಮಾತ್ರ ಚರಿತ್ರೆ. ಆಕರ ಗ್ರಂಥಗಳ ಪಟ್ಟಿ ಕಾದಂಬರಿಯೊಳಗೇ ಇತ್ತು. ಅದನ್ನು ಪರಿಶೀಲಿಸುವುದಕ್ಕಿಂತ ಲೇಖಕರು ಯಾರ ಪಕ್ಷವೆಂದು ತೀರ್ಮಾನಿಸುವ ಅವಸರವೇ ಎರಡೂ ಕಡೆ ಹೆಚ್ಚಾಗಿತ್ತೆಂದು ನನ್ನ ಅನಿಸಿಕೆ.

ಸಂಪ್ರದಾಯದ ಪರ ನಿಂತು ರಾಜಕೀಯ, ಸಮಾಜಗಳ ಕುರಿತ ಗ್ರಂಥಗಳನ್ನು ವಿಮರ್ಶಿಸುವುದೆಂದರೆ ಹಳೆಯದನ್ನೆಲ್ಲ ಹೊಗಳುವುದಲ್ಲ. ಬದಲಾವಣೆ ಬಯಸುವ ಲೇಖಕರನ್ನು ‘ಇದರಿಂದ ಕಳೆದುಹೋಗುವುದೇನು?’ ಎಂದು ಕೇಳುವುದು. ಡಿ.ವಿ. ಗುಂಡಪ್ಪನವರ ರಾಜಕೀಯ ಬರಹಗಳಲ್ಲಿ ಈ ಎಚ್ಚರ ಕಾಣುತ್ತದೆ. 1913ರಲ್ಲಿ ‘ಕರ್ನಾಟಕ’ ಪತ್ರಿಕೆ ಆರಂಭಿಸಿದ, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸ್ಥಾಪಿಸಿದ ಅವರು ಮೈಸೂರಿಗೆ ಜವಾಬ್ದಾರಿ ಸರ್ಕಾರ ಬೇಕೆಂದರು, ಅರಸು ಬೇಡವೆನ್ನಲಿಲ್ಲ. (ಗೋಖಲೆಯವರ ಅನುಯಾಯಿಯಾದ ಅವರನ್ನು ಬರೀ ಸಂಪ್ರದಾಯವಾದಿ ಎನ್ನುವುದೂ ಸಲ್ಲದು.)

ಆದರೆ ಆ ಪ್ರಶ್ನೆಗೆ ಒಂದು ಮಿತಿಯೂ ಉಂಟು. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಓದುಗರೊಬ್ಬರಿಗೆ ಹಳೆಯ ಗ್ರಾಮವ್ಯವಸ್ಥೆಯನ್ನು ಕುರಿತ ಪುಸ್ತಕವೊಂದು ಸಿಕ್ಕಿತೆನ್ನಿ. ಕೆರೆಯ ಹೂಳೆತ್ತುವ, ತೂಬು ಕಾಯುವ ಹೊಣೆ ಊರಿನದೇ ಆಗಿತ್ತು, ಸರ್ಕಾರ ವಹಿಸಿಕೊಂಡ ಮೇಲೆ ಕೆರೆ ಯಾರದೂ ಅಲ್ಲದಾಯಿತು ಎಂಬ ಮಾತಿಗೆ ಅವರು ತಲೆದೂಗುತ್ತಾರೆ. ಅದು ಸರಿಯೇ. ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನು ನೀರುಗಂಟಿ. ಹಳೆ ಮೈಸೂರಿನ ಎಷ್ಟೋ ಊರುಗಳಲ್ಲಿ ಆತ ಅಸ್ಪೃಶ್ಯನೆನಿಸಿಕೊಂಡ ಜಾತಿಯವನು. ಎಲ್ಲರ ಗದ್ದೆಗೂ ನೀರು ಬಿಡುತ್ತಿದ್ದ ಅವನಿಗೆ ಊರ ಬಾವಿಯಲ್ಲಿ ಸೇದುವ ಹಕ್ಕಿತ್ತೇ? ಆ ಪುಸ್ತಕ ಇದಕ್ಕೆ ಉತ್ತರ ಕೊಡದಿದ್ದರೆ, ವಿಮರ್ಶಕ ಕೇಳಲೇಬೇಕು.